ಹೆಸರು ಹೊಡೆಯುವ ಮುನ್ನ ಮೂರು ಸಲ ಕೂಗಿ: ಬೆಂಗಳೂರಿನ ಮತದಾರರ ಪಟ್ಟಿ ಬರೆಯುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ಮುಖ್ಯ ಚುನಾವಣಾಧಿಕಾರಿಗಳಿಂದ ಹಿಡಿದು, ಬಿಸಿಲಲ್ಲಿ ಛತ್ರಿ ಹಿಡಿದು ನಮ್ಮ ಬೀದಿಗೆ ಬರುವ ಬಿಎಲ್‌ಓ (ಮತಗಟ್ಟೆ ಮಟ್ಟದ ಅಧಿಕಾರಿ) ಮೇಡಂವರೆಗೆ, ಈ ಊರಿನ ಮತದಾರರ ಪಟ್ಟಿಗೆ ಕೈ ಹಾಕುವ ಪ್ರತಿಯೊಬ್ಬರಿಗೂ ಈ ಪತ್ರ.

ನಾನು ಬೆಂಗಳೂರಿನ ಕೋರ್ಟುಗಳಲ್ಲಿ ಮೂವತ್ತನಾಲ್ಕು ವರ್ಷ ಕೆಲಸ ಮಾಡಿ ಶಿರಸ್ತೇದಾರನಾಗಿ ನಿವೃತ್ತನಾದವನು. ಅದರಲ್ಲಿ ಬಹುಕಾಲ ಬೆಂಚ್ ಕ್ಲರ್ಕ್ ಆಗಿ ನ್ಯಾಯಾಧೀಶರ ಪೀಠದ ಕೆಳಗೇ ಕೂತಿದ್ದೇನೆ. ಎಷ್ಟೋ ಸಾಹೇಬರು ಬಂದು ಹೋದರು. ಕೆಲವರು ಸಿಡುಕರು, ಕೆಲವರು ಮಾತೇ ಆಡದವರು. ಆದರೆ ಹೊಸ ದಾವೆಯ ಕಡತ ಬಿಚ್ಚಿದಾಗ ಎಲ್ಲರೂ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ನೋಟಿಸ್ ಜಾರಿ ಆಗಿದೆಯಾ?"

ಪ್ರತಿವಾದಿ ಬರದೇ ಇದ್ದರೆ ಜವಾನ ಹೊರಗೆ ಹೋಗಿ ಮೊಗಸಾಲೆಯಲ್ಲಿ ನಿಂತು ಹೆಸರು ಹಿಡಿದು ಮೂರು ಸಲ ಕೂಗುತ್ತಿದ್ದ. ಕೂಗಿದ್ದಾಯಿತು, ಯಾರೂ ಬರಲಿಲ್ಲ ಅಂದ ಮೇಲೂ ಸಾಹೇಬರು ನೋಟಿಸ್ ತಲುಪಿಸಲು ಹೋಗಿದ್ದ ಅಮೀನನ ಷರಾ ತೆಗೆದು ಓದುತ್ತಿದ್ದರು. 'ಬಾಗಿಲು ಬೀಗ ಹಾಕಿದೆ' ಎಂದು ಬರೆದು ತಂದರೆ ಒಪ್ಪುತ್ತಿರಲಿಲ್ಲ. ಬೀಗ ಹಾಕಿದ ಮಾತ್ರಕ್ಕೆ ಮನೆಯವರು ಊರು ಬಿಟ್ಟರು ಅಂತ ಹೇಗೆ ಹೇಳುತ್ತೀರಿ, ಇನ್ನೊಂದು ಸಲ ಹೋಗಿ ಬನ್ನಿ ಎನ್ನುತ್ತಿದ್ದರು. ಮೂರು ಸಾವಿರ ರೂಪಾಯಿ ಬಾಡಿಗೆ ಬಾಕಿಯ ದಾವೆಯಲ್ಲೂ ಇದೇ ಶಿಸ್ತು.

ಇನ್ನು ನನ್ನ ಅಮ್ಮನ ವಿಷಯ. 2023ರ ಮೇ 10, ವಿಧಾನಸಭೆ ಚುನಾವಣೆಯ ದಿನ. ಅಮ್ಮನಿಗೆ ಆಗ ಎಪ್ಪತ್ತೆಂಟು. ಅವಳು ಮೊದಲ ಸಲ ವೋಟು ಹಾಕಿದ್ದು 1967ರಲ್ಲಿ, ಮತದಾನದ ವಯಸ್ಸು ಇಪ್ಪತ್ತೊಂದಿದ್ದ ಕಾಲದಲ್ಲಿ. ಅಲ್ಲಿಂದ ಒಂದು ಚುನಾವಣೆಯನ್ನೂ ತಪ್ಪಿಸಿದವಳಲ್ಲ. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಆ ಮಸಿ ಅವಳಿಗೆ ಅರಿಸಿನ ಕುಂಕುಮದ ಹಾಗೆ. ಹಾಕಿಸಿಕೊಂಡ ಬೆರಳನ್ನು ವಾರಗಟ್ಟಲೆ ಹುಣಿಸೆಹಣ್ಣಿಗೆ, ಸಬೀನಾಗೆ ತಾಕಿಸದೆ ಪಾತ್ರೆ ಬೆಳಗುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಅವತ್ತು ಬೆಳಗ್ಗೆ ಏಳೂವರೆಗೆಲ್ಲ ಶ್ರೀರಾಂಪುರದ ಶಾಲೆಯೊಂದರ ಮತಗಟ್ಟೆಯಲ್ಲಿ ನಿಂತಿದ್ದೆವು. ಮತಗಟ್ಟೆಯ ಹುಡುಗಿ ಅಡಿಗೋಲು ಇಟ್ಟುಕೊಂಡು ಪಟ್ಟಿಯ ಮೇಲೆ ಸಾಲು ಸಾಲಾಗಿ ಇಳಿಸುತ್ತಾ ಬಂದಳು. ನನ್ನ ಹೆಸರು ಸಿಕ್ಕಿತು, ನನ್ನ ಹೆಂಡತಿಯದೂ ಸಿಕ್ಕಿತು. ಅಮ್ಮನ ಫೋಟೋ ಇದ್ದ ಚೌಕ ಬಂದಾಗ ಅಡಿಗೋಲು ನಿಂತಿತು. ಚೌಕದ ಮೇಲೆ ಓರೆಯಾಗಿ, ಹೆಸರು ತೆಗೆದುಹಾಕಿದೆ ಎನ್ನುವ ಇಂಗ್ಲಿಷ್ ಪದ. ಅದರ ಹಿಂದಿನಿಂದ ಅಮ್ಮನ ಮುಖ ಕಾಣುತ್ತಿತ್ತು.

ಅಮ್ಮ ಗುರುತಿನ ಚೀಟಿ ತೋರಿಸಿದಳು. "ಚೀಟಿ ಇದ್ರೂ ಪಟ್ಟೀಲಿ ಹೆಸರಿರಬೇಕು ಅಜ್ಜಿ" ಎಂದು ಆ ಹುಡುಗಿ ಮೆತ್ತಗೆ ಹೇಳಿದಳು. ಅವಳ ಮೇಲೆ ನನಗೇನೂ ಸಿಟ್ಟಿಲ್ಲ. ಅಮ್ಮ ಜಗಳವಾಡಲಿಲ್ಲ. ಚೀಟಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡು, "ನೀವಿಬ್ಬರು ಹಾಕಿ ಬನ್ನಿ, ನಾನು ಇಲ್ಲೇ ಕೂತಿರ್ತೀನಿ" ಎಂದು ಶಾಲೆಯ ಕಟ್ಟೆಯ ಮೇಲೆ ಕೂತಳು. ನಾನು ಒಳಗೆ ಹೋಗಿ ಬಟನ್ ಒತ್ತಿ ಬಂದೆ. ಅವತ್ತಿನ ಆ ಬೀಪ್ ಶಬ್ದ ನನಗೆ ಈಗಲೂ ಹಿಂಸೆ ಮಾಡುತ್ತದೆ.

ಆಮೇಲೆ ವಿಚಾರಿಸಿದಾಗ ತಿಳಿದದ್ದು: 'ಸ್ಥಳಾಂತರ'. ನಮ್ಮ ಹಳೆಯ ಹೆಂಚಿನ ಮನೆ ಕೆಡವಿ ಹೊಸದಾಗಿ ಕಟ್ಟಿಸುತ್ತಿದ್ದ ಹತ್ತು ತಿಂಗಳು ಅಮ್ಮನನ್ನು ಎರಡು ಅಡ್ಡರಸ್ತೆ ಆಚೆ ಬಾಡಿಗೆ ಮನೆಯಲ್ಲಿ ಇಟ್ಟಿದ್ದೆವು. ಪರಿಶೀಲನೆಗೆ ಬಂದವರಿಗೆ ಕಂಡದ್ದು ಮರಳು, ಜಲ್ಲಿ, ಕಬ್ಬಿಣದ ಸರಳು. ನನ್ನ ಮತ್ತು ಹೆಂಡತಿಯ ಹೆಸರು ಹೇಗೆ ಉಳಿಯಿತೋ ಅದು ಇವತ್ತಿಗೂ ಅರ್ಥವಾಗಿಲ್ಲ. ನೋಟಿಸ್ ಬಂದಿರಲಿಲ್ಲ. ಕೂಗಿದವರಿರಲಿಲ್ಲ. ಯಾರದು ತಪ್ಪು ಎಂದು ಬೊಟ್ಟು ಮಾಡುವುದಕ್ಕೆ ಇದನ್ನು ಬರೆಯುತ್ತಿಲ್ಲ. ಈ ಪಟ್ಟಿ ಎಲ್ಲಿಂದ ಬಂತು, ಯಾವ ಮನಸ್ಸಿನವರು ಇದಕ್ಕೆ ಅಡಿಪಾಯ ಹಾಕಿದರು ಎನ್ನುವುದನ್ನು ನಿಮಗೆ ನೆನಪಿಸಬೇಕು ಅನ್ನಿಸಿದೆ, ಅದಕ್ಕೆ.

ಅಡಿಪಾಯ ಹಾಕಿದವರಲ್ಲಿ ಮುಖ್ಯರಾದವರು ಒಬ್ಬ ನ್ಯಾಯಾಧೀಶರು. ನಮ್ಮ ಕನ್ನಡ ಕರಾವಳಿಯವರು. ಬೆನಗಲ್ ನರಸಿಂಗ ರಾಯರು.

1887ರ ಫೆಬ್ರವರಿಯಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದವರು. ತಂದೆ ಡಾಕ್ಟರು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜು, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ದಾಟಿ ಬ್ರಿಟಿಷರ ಕಾಲದ ಆಡಳಿತ ಸೇವೆಯಾದ ಐಸಿಎಸ್ ಸೇರಿದರು. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ ನ್ಯಾಯಾಧೀಶರಾದರು. 1925ರಲ್ಲಿ ಅಸ್ಸಾಮಿಗೆ ಹೋಗಿ ಅಲ್ಲಿನ ಸರ್ಕಾರದ ಕಾನೂನು ಕೆಲಸ ನೋಡಿಕೊಂಡರು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಮೂರ್ತಿ. ಸಿಂಧ್ ಮತ್ತು ಪಂಜಾಬ್ ನಡುವೆ ಸಿಂಧೂ ನದಿ ನೀರಿನ ತಂಟೆ ಎದ್ದಾಗ ವಿಚಾರಣಾ ಆಯೋಗದ ಅಧ್ಯಕ್ಷರು, ಹಿಂದೂ ಕಾನೂನಿನ ಸುಧಾರಣೆಗೆ ನೇಮಿಸಿದ ಸಮಿತಿಗೂ ಅವರೇ ಅಧ್ಯಕ್ಷರು. ಸ್ವಲ್ಪ ಕಾಲ ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿ. 1946ರಲ್ಲಿ ಸಂವಿಧಾನ ಸಭೆಯ ಸಂವಿಧಾನ ಸಲಹೆಗಾರರು. ಆ ಹುದ್ದೆಗೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಸಭೆಯ ಕೊನೆಯಲ್ಲಿ ರಾಜೇಂದ್ರ ಪ್ರಸಾದರು ಧನ್ಯವಾದ ಹೇಳುವಾಗ ಅದನ್ನು ಎತ್ತಿ ಹೇಳಿದ್ದಾರೆ. ಸಂವಿಧಾನದ ಕೀರ್ತಿಯಲ್ಲಿ ರಾಯರಿಗೂ ಪಾಲಿದೆ ಎಂದು ಅಂಬೇಡ್ಕರರು 1949ರ ನವೆಂಬರ್ 25ರ ಭಾಷಣದಲ್ಲಿ ತಾವಾಗಿಯೇ ಹೇಳಿದರು.

ಇಷ್ಟನ್ನು ಪರೀಕ್ಷೆಗೆ ಓದುವ ಮಕ್ಕಳೂ ಬಲ್ಲರು. ಬಹಳ ಜನ ಗಮನಿಸದ ಕೆಲಸ ಬೇರೆ ಇದೆ. ಸಂವಿಧಾನ ಇನ್ನೂ ಕರಡಿನಲ್ಲಿರುವಾಗಲೇ, ಚುನಾವಣಾ ಆಯೋಗ ಎನ್ನುವ ಸಂಸ್ಥೆ ಹುಟ್ಟುವುದಕ್ಕೂ ಮೊದಲೇ, ಸಂವಿಧಾನ ಸಭೆಯ ಸಚಿವಾಲಯ ರಾಯರ ಮಾರ್ಗದರ್ಶನದಲ್ಲಿ ದೇಶದ ಮತದಾರರ ಪಟ್ಟಿ ತಯಾರಿಸುವುದಕ್ಕೆ ಕೈಹಾಕಿತು. ಬ್ರಿಟಿಷರ ಕಾಲದ 1935ರ ಕಾಯ್ದೆಯ ಪ್ರಕಾರ ವೋಟು ಇದ್ದದ್ದು ಆಸ್ತಿ, ತೆರಿಗೆ, ಓದು ಇದ್ದ ಸುಮಾರು 3 ಕೋಟಿ ಜನರಿಗೆ. ಈಗ ಇಪ್ಪತ್ತೊಂದು ತುಂಬಿದ ಪ್ರತಿಯೊಬ್ಬರ ಹೆಸರು ಬರೆಯಬೇಕು. 1948ರ ಮಾರ್ಚ್‌ನಲ್ಲಿ ಪ್ರಾಂತ್ಯಗಳಿಗೆ, ಸಂಸ್ಥಾನಗಳಿಗೆ ಸೂಚನೆ ಹೋಯಿತು. 1951-52ರ ಮೊದಲ ಮಹಾಚುನಾವಣೆಯ ಹೊತ್ತಿಗೆ ಪಟ್ಟಿಯಲ್ಲಿ ಇದ್ದದ್ದು 17 ಕೋಟಿ 30 ಲಕ್ಷದಷ್ಟು ಹೆಸರು. ಅವರಲ್ಲಿ ಬಹುಪಾಲು ಜನರಿಗೆ ತಮ್ಮ ಹೆಸರನ್ನು ಓದಲೂ ಬರುತ್ತಿರಲಿಲ್ಲ.

ನನ್ನ ಎದೆ ತುಂಬಿ ಬರುವುದು ನಿರಾಶ್ರಿತರ ವಿಷಯಕ್ಕೆ. ದೇಶ ಇಬ್ಭಾಗವಾಗಿ ಲಕ್ಷಾಂತರ ಜನ ಉಟ್ಟ ಬಟ್ಟೆಯಲ್ಲಿ ಬಂದಿದ್ದರು. ಪಟ್ಟಿಗೆ ಸೇರಬೇಕಾದರೆ ಒಂದೇ ಜಾಗದಲ್ಲಿ 180 ದಿನ ವಾಸವಿರಬೇಕು ಎಂಬ ನಿಯಮವಿತ್ತು. ಶಿಬಿರದಿಂದ ಶಿಬಿರಕ್ಕೆ ಅಲೆಯುವವನಿಗೆ 180 ದಿನ ಎಲ್ಲಿಂದ ಬರಬೇಕು? ಅಸ್ಸಾಮಿನಂಥ ಕಡೆ ಸ್ಥಳೀಯ ಅಧಿಕಾರಿಗಳು ಇವರನ್ನು ಅಲೆಮಾರಿ ಜನಸಂಖ್ಯೆ ಎಂದು ದೂರ ಇಡಲು ನೋಡಿದರು. ನಿರಾಶ್ರಿತರ ಸಂಘಗಳು ದೆಹಲಿಗೆ ಪತ್ರ ಬರೆದವು. ಸಚಿವಾಲಯ ಅವನ್ನು ಓದಿತು, ಉತ್ತರ ಬರೆಯಿತು, ನಿಯಮ ಬದಲಿಸಿತು: ಈ ಊರಿನಲ್ಲಿ ನೆಲೆ ನಿಲ್ಲುವ ಉದ್ದೇಶವಿದೆ ಎಂದು ನಿರಾಶ್ರಿತನು ಘೋಷಣೆ ಕೊಟ್ಟರೆ ಸಾಕು, ಅವನ ಹೆಸರು ಬರೆದುಕೊಳ್ಳಿ.

ಕಾಗದ ಪತ್ರ ಕೇಳಲಿಲ್ಲ. ಬಾಯಿಮಾತನ್ನು ನಂಬಿದರು. ಅಷ್ಟು ಅನುಮಾನ, ಅಷ್ಟು ರಕ್ತ ಹರಿದ ಕಾಲದಲ್ಲಿ! ಕಟಕಟೆಯಲ್ಲಿ ನಿಂತವನ ಮಾತನ್ನು ಸುಳ್ಳೆಂದು ತೋರಿಸುವವರೆಗೆ ಕಿವಿಗೊಟ್ಟು ಕೇಳಬೇಕು ಎನ್ನುವುದು ಕೋರ್ಟಿನ ಅಭ್ಯಾಸ. ಜಿಲ್ಲಾ ಕೋರ್ಟುಗಳಲ್ಲಿ ರೂಢಿಸಿಕೊಂಡ ಆ ಅಭ್ಯಾಸವೇ ಇಲ್ಲಿ ಕೆಲಸ ಮಾಡಿತು ಎಂದು ನಾನು ಬಲವಾಗಿ ನಂಬಿದ್ದೇನೆ.

ರಾಯರು ಮಾಡಿದ್ದೆಲ್ಲ ಸರಿ ಎನ್ನುವವನಲ್ಲ ನಾನು. ಅಮೆರಿಕಕ್ಕೆ ಹೋಗಿ ಅಲ್ಲಿನ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫ್ರಾಂಕ್‌ಫರ್ಟರ್ ಅವರ ಮಾತು ಕೇಳಿ ಬಂದ ಮೇಲೆ, ಜೀವ ಮತ್ತು ಸ್ವಾತಂತ್ರ್ಯದ ಹಕ್ಕಿಗೆ ಕಾವಲಾಗಿದ್ದ 'ಡ್ಯೂ ಪ್ರೋಸೆಸ್' (ನ್ಯಾಯಬದ್ಧ ಕ್ರಮ) ಎಂಬ ಮಾತನ್ನು ಕರಡಿನಿಂದ ಬಿಡಿಸುವುದಕ್ಕೆ ಅವರೇ ಕಾರಣರಾದರು. 21ನೇ ವಿಧಿಯಲ್ಲಿ 'ಕಾನೂನು ವಿಧಿಸಿದ ಕ್ರಮ' ಎಂದಷ್ಟೇ ಉಳಿಯಿತು. ಆ ಕ್ರಮ ನ್ಯಾಯವಾಗಿಯೂ ಇರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಬೇಕಾದರೆ 1978ರ ಮೇನಕಾ ಗಾಂಧಿ ಪ್ರಕರಣದವರೆಗೆ ಕಾಯಬೇಕಾಯಿತು. ಅದು ರಾಯರಿಂದ ಆದ ದೊಡ್ಡ ತಪ್ಪು ಎಂದೇ ನನ್ನ ಅಭಿಪ್ರಾಯ. ಆದರೆ ಮತದಾರರ ಪಟ್ಟಿಯ ವಿಷಯದಲ್ಲಿ ಅವರ ಸಚಿವಾಲಯ ನಡೆದುಕೊಂಡ ರೀತಿಗೆ ಕೈಮುಗಿಯುತ್ತೇನೆ.

ಪಟ್ಟಿಯನ್ನು ಮುಂದೆ ಕೈಗೆತ್ತಿಕೊಂಡವರು 1950ರ ಮಾರ್ಚ್‌ನಲ್ಲಿ ಮೊದಲ ಮುಖ್ಯ ಚುನಾವಣಾ ಆಯುಕ್ತರಾದ ಸುಕುಮಾರ್ ಸೇನ್. ಅವರ ಕಾಲದಲ್ಲಿ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಬಿದ್ದುಹೋಯಿತು. ಉತ್ತರದ ಹಲವು ರಾಜ್ಯಗಳಲ್ಲಿ ಅವರು ಪರರ ಮುಂದೆ ತಮ್ಮ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ತಾಯಿ ಎಂದಷ್ಟೇ ಬರೆಸಿದ್ದರು. ಹೆಸರು ಹೇಳಲಿ ಎಂದು ಸೇನ್ ಕಾಲಾವಕಾಶ ಕೊಟ್ಟರು, ಆಮೇಲೂ ಹೇಳದವರನ್ನು ತೆಗೆದರು. ಹೆಣ್ಣಿಗೆ ಅವಳದೇ ಹೆಸರಿನಲ್ಲಿ ವೋಟು ಇರಬೇಕು ಎಂಬ ಹಟ ಅದು. ನೋವಿನ ಹಟ, ಆದರೂ ಹೇಳಿ ಕೇಳಿ, ಅವಕಾಶ ಕೊಟ್ಟು ಮಾಡಿದ್ದು.

ಇನ್ನೊಂದು ಸಂಗತಿ. ರಾಯರ ಪಟ್ಟಿಯಲ್ಲಿ ನಡೆದ 1952ರ ಚುನಾವಣೆಯಲ್ಲಿ ಅವರ ತಮ್ಮ, ಪತ್ರಕರ್ತ ಬಿ. ಶಿವರಾಯರು ದಕ್ಷಿಣ ಕನ್ನಡದಿಂದ ಲೋಕಸಭೆಗೆ ಆರಿಸಿ ಹೋದರು. ರಾಯರು ಅಷ್ಟು ಹೊತ್ತಿಗೆ ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರು. ಅಲ್ಲಿ ಎರಡು ವರ್ಷವೂ ತುಂಬಲಿಲ್ಲ. 1953ರ ನವೆಂಬರ್ 30ರಂದು ಜ್ಯೂರಿಕ್‌ನಲ್ಲಿ ತೀರಿಕೊಂಡರು.

ಆ ನ್ಯಾಯಾಲಯಕ್ಕೆ ಪೂರ್ಣಾವಧಿ ನ್ಯಾಯಾಧೀಶರಾಗಿ ಹೋದ ಎರಡನೆಯ ಭಾರತೀಯ ಯಾರು ಗೊತ್ತೆ? ಡಾ. ನಾಗೇಂದ್ರ ಸಿಂಗ್, ರಾಜಸ್ಥಾನದ ಡುಂಗರಪುರ ರಾಜಮನೆತನದವರು. ಹೇಗ್‌ಗೆ ಹೋಗುವ ಮೊದಲು ಅವರು ಇದ್ದ ಹುದ್ದೆ ಭಾರತದ ಮುಖ್ಯ ಚುನಾವಣಾ ಆಯುಕ್ತರದು, 1972ರ ಅಕ್ಟೋಬರ್ 1ರಿಂದ 1973ರ ಫೆಬ್ರವರಿ 6ರವರೆಗೆ. ನಾಲ್ಕೇ ತಿಂಗಳು. ಮೊದಲ ಇಬ್ಬರೂ ಮತದಾರನ ಲೆಕ್ಕ ಬರೆದು ಅಲ್ಲಿಗೆ ಹೋದವರೇ. ಕಾಕತಾಳೀಯ ಇರಬಹುದು. ಆದರೂ ಇದನ್ನು ಓದಿ ತಿಳಿದ ದಿನ ನನಗೆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ.

ನಾಗೇಂದ್ರ ಸಿಂಗ್ ಹದಿನೈದು ವರ್ಷ ಅಲ್ಲಿದ್ದರು. 1985ರಿಂದ 1988ರವರೆಗೆ ಅಧ್ಯಕ್ಷರು. ಅವರು ಪೀಠದಲ್ಲಿದ್ದಾಗಲೇ ನಿಕರಾಗುವ ಎಂಬ ಪುಟ್ಟ ದೇಶ ಅಮೆರಿಕದ ಮೇಲೆ ಹೂಡಿದ ಪ್ರಕರಣ ನಡೆದದ್ದು. ತನ್ನ ಮೇಲಿನ ವಿಚಾರಣೆ ನಡೆಸುವ ಅಧಿಕಾರ ಈ ಕೋರ್ಟಿಗೆ ಇಲ್ಲ ಎಂಬ ವಾದ ಬಿದ್ದುಹೋದ ಮೇಲೆ ಅಮೆರಿಕ 1985ರ ಜನವರಿಯಲ್ಲಿ ಹೊರನಡೆಯಿತು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಪ್ರತಿವಾದಿ ಗೈರುಹಾಜರು, ಎಕ್ಸ್‌ಪಾರ್ಟಿ. ಹಾಗಂತ ನಿಕರಾಗುವ ಹೇಳಿದ್ದನ್ನೆಲ್ಲ ಒಪ್ಪಿ ಡಿಕ್ರಿ ಕೊಟ್ಟುಬಿಡಲಿಲ್ಲ. ಆ ನ್ಯಾಯಾಲಯದ ಶಾಸನದ 53ನೇ ವಿಧಿ ಹೇಳುತ್ತದೆ: ಒಂದು ಕಡೆಯವರು ಬಾರದಿದ್ದರೂ ಇನ್ನೊಂದು ಕಡೆಯವರ ಕೇಳಿಕೆ ಸಂಗತಿಯಲ್ಲೂ ಕಾನೂನಿನಲ್ಲೂ ಗಟ್ಟಿಯಾಗಿದೆಯೇ ಎಂದು ನ್ಯಾಯಾಲಯವೇ ನೋಡಿಕೊಳ್ಳಬೇಕು. ಬಾರದವನ ಪರವಾಗಿಯೂ ಸಾಕ್ಷ್ಯ ತೂಗಿ ನೋಡಿ, 1986ರ ಜೂನ್ 27ರಂದು ನಾಗೇಂದ್ರ ಸಿಂಗರ ಅಧ್ಯಕ್ಷತೆಯಲ್ಲಿ ತೀರ್ಪು ಹೊರಬಿತ್ತು. ಅಮೆರಿಕದಂಥ ಬಲಾಢ್ಯ ಬಾಗಿಲು ಹಾಕಿಕೊಂಡು ಹೋದರೂ ಅದರ ಹಕ್ಕನ್ನು ಕಾಯ್ದ ಪೀಠ ಅದು.

ಶ್ರೀರಾಂಪುರದ ನನ್ನ ಅಮ್ಮ ಬಾಗಿಲು ಹಾಕಿಕೊಂಡು ಹೋಗಿರಲಿಲ್ಲ. ಬಾಗಿಲೇ ಇರಲಿಲ್ಲ, ಕೆಡವಿದ್ದೆವು.

ಕಾನೂನು ನಿಮ್ಮ ಕೈಯಲ್ಲೇ ಇದೆ. 1950ರ ಜನಪ್ರತಿನಿಧಿ ಕಾಯ್ದೆಯ 22ನೇ ಕಲಂ ಪ್ರಕಾರ, ಒಬ್ಬರು ಆ ಕ್ಷೇತ್ರದಲ್ಲಿ ವಾಸವಿಲ್ಲ ಎಂಬ ಕಾರಣಕ್ಕೆ ಹೆಸರು ತೆಗೆಯಬೇಕಾದರೆ ಅವರ ಮಾತು ಕೇಳಲು ಅವಕಾಶ ಕೊಡಲೇಬೇಕು. ಒಮ್ಮೆ ಪಟ್ಟಿಗೆ ಸೇರಿದವರನ್ನು ಸುಮ್ಮನೆ ಹೊರಹಾಕುವಂತಿಲ್ಲ, ನೋಟಿಸ್ ಕೊಟ್ಟು ವಿಚಾರಣೆ ಮಾಡಿಯೇ ಮಾಡಬೇಕು ಎಂದು ಸುಪ್ರೀಂ ಕೋರ್ಟ್ 1995ರ ಲಾಲ್ ಬಾಬು ಹುಸೇನ್ ಪ್ರಕರಣದಲ್ಲಿ ಹೇಳಿದೆ. ಈ ಊರಿನ ಪಟ್ಟಿಯ ಮೇಲೆ ಅನುಮಾನದ ನೆರಳು ಬಿದ್ದದ್ದೂ ಉಂಟು. 2022ರ ನವೆಂಬರ್‌ನಲ್ಲಿ ಶಿವಾಜಿನಗರ, ಚಿಕ್ಕಪೇಟೆ, ಮಹದೇವಪುರ ಕ್ಷೇತ್ರಗಳಲ್ಲಿ ಸೇರಿಸಿದ, ತೆಗೆದ ಹೆಸರುಗಳನ್ನೆಲ್ಲ ಮತ್ತೆ ಪರಿಶೀಲಿಸಿ ಎಂದು ಚುನಾವಣಾ ಆಯೋಗವೇ ಆದೇಶಿಸಬೇಕಾಯಿತು.

ನಿಮ್ಮ ಕಷ್ಟ ನನಗೆ ಗೊತ್ತು. ಬಿಎಲ್‌ಓಗಳಲ್ಲಿ ಎಷ್ಟೋ ಜನ ಅಂಗನವಾಡಿ ಕಾರ್ಯಕರ್ತೆಯರು, ಶಾಲಾ ಶಿಕ್ಷಕಿಯರು. ದಿನದ ಕೆಲಸ ಮುಗಿಸಿ ಮೂರನೇ ಮಹಡಿ ಹತ್ತಬೇಕು, ನಾಯಿಗೆ ಹೆದರಬೇಕು, ಅಪಾರ್ಟ್‌ಮೆಂಟಿನ ಸೆಕ್ಯುರಿಟಿಯವನ ಹತ್ತಿರ ಮಾತು ಕೇಳಬೇಕು. ಸತ್ತವರ ಹೆಸರು, ಎರಡೆರಡು ಕಡೆ ಇರುವ ಹೆಸರು ತೆಗೆಯಲೇಬೇಕು, ಅದನ್ನು ಬೇಡ ಎನ್ನುತ್ತಿಲ್ಲ. ಅಮೀನರ ಕಾಲುನೋವು ಕಂಡವನಾದ್ದರಿಂದ ಬೇಡಿಕೊಳ್ಳುತ್ತೇನೆ: 'ಬಾಗಿಲು ಬೀಗ' ಎಂದರೆ 'ಸ್ಥಳಾಂತರ' ಎಂದು ಬರೆಯಬೇಡಿ. ಪಕ್ಕದ ಮನೆಯವರನ್ನು ಕೇಳಿ, ಎದುರಿನ ಅಂಗಡಿಯವನನ್ನು ಕೇಳಿ. ಕಟ್ಟಡ ಕೆಲಸ ನಡೆಯುತ್ತಿದ್ದರೆ ಮೇಸ್ತ್ರಿಗೆ ಮಾಲೀಕರ ಫೋನ್ ನಂಬರ್ ಗೊತ್ತಿರುತ್ತದೆ. ಬೆಂಗಳೂರಿನಲ್ಲಿ ಮನೆ ಕೆಡವಿ ಕಟ್ಟದ ಬೀದಿ ಯಾವುದಿದೆ?

ಬಾಡಿಗೆದಾರರ ಪಾಡು ಇನ್ನೂ ಕಷ್ಟ. ಹನ್ನೊಂದು ತಿಂಗಳ ಕರಾರು, ಮಾಲೀಕರು ಕಾಗದಕ್ಕೆ ಸಹಿ ಹಾಕಲು ಹಿಂದೆಮುಂದೆ ನೋಡುತ್ತಾರೆ, ಹನ್ನೊಂದು ತಿಂಗಳಿಗೆ ಇನ್ನೊಂದು ಬಡಾವಣೆ. ಯಾದಗಿರಿ, ರಾಯಚೂರು ಕಡೆಯಿಂದ ಗುಳೆ ಬಂದು ನೀಲಿ ತಾಡಪಾಲಿನ ಶೆಡ್ಡುಗಳಲ್ಲಿ ಇರುವವರಿಗೆ ಕರಾರೂ ಇಲ್ಲ. ನಮ್ಮ ಮನೆಗೆ ಮೋಲ್ಡ್ ಹಾಕಿದ ಗಾರೆಯಾತ ಐದು ವರ್ಷದಿಂದ ಇದೇ ಊರಿನಲ್ಲಿದ್ದಾನೆ. ವೋಟು ಇಲ್ಲಿಯೂ ಇಲ್ಲ, ಊರಿಗೆ ಹೋಗಲು ರಜೆಯೂ ಇಲ್ಲ. ಇಂಥವರಿಗೂ ದಾರಿ ಇದೆ. ಮನೆಯೇ ಇಲ್ಲದವರು ಹೆಸರು ಸೇರಿಸುವ ಅರ್ಜಿಯಾದ ನಮೂನೆ 6ರಲ್ಲಿ ತಾವು ಮಲಗುವ ಜಾಗ ಬರೆದರೆ ಬಿಎಲ್‌ಓ ರಾತ್ರಿ ಹೊತ್ತು ಹೋಗಿ ಅವರು ಅಲ್ಲಿ ಮಲಗಿದ್ದಾರೆಯೇ ಎಂದು ಕಣ್ಣಾರೆ ನೋಡಿ ಖಾತ್ರಿ ಮಾಡಿಕೊಂಡರೆ ಸಾಕು, ಬೇರೆ ವಿಳಾಸದ ದಾಖಲೆ ಬೇಡ ಎಂದು ಆಯೋಗದ ನಿಯಮವೇ ಹೇಳುತ್ತದೆ. ಎಂಥ ಒಳ್ಳೆಯ ನಿಯಮ! 1948ರ ಆ ಸಚಿವಾಲಯದ ಉಸಿರು ಇದರಲ್ಲಿದೆ. ದಯವಿಟ್ಟು ಅದನ್ನು ಪುಸ್ತಕದಿಂದ ಫುಟ್‌ಪಾತಿಗೆ ತನ್ನಿ.

ತೆಗೆಯಬೇಕೆಂದಿರುವ ಹೆಸರುಗಳ ಪಟ್ಟಿಯನ್ನು, ಕಾರಣದ ಸಮೇತ, ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಜನ ನಿಲ್ಲುವ ಕಡೆ ಅಂಟಿಸಿ. ನ್ಯಾಯಬೆಲೆ ಅಂಗಡಿ, ನಂದಿನಿ ಹಾಲಿನ ಬೂತು, ದೇವಸ್ಥಾನದ ಗೋಡೆ, ಮಸೀದಿಯ ಗೇಟು. ವೆಬ್‌ಸೈಟಿನಲ್ಲಿ ಹಾಕಿದ್ದೇವೆ ಎಂದರೆ ನನ್ನ ಅಮ್ಮನಿಗೆ ಹೇಳಿದ ಹಾಗಾಗುವುದಿಲ್ಲ. 2015ರ ಆಗಸ್ಟ್‌ನಲ್ಲಿ ಬೆಂಗಳೂರು ಪಾಲಿಕೆಗೆ ಚುನಾವಣೆ ನಡೆದಿತ್ತು. 2020ರ ಸೆಪ್ಟೆಂಬರ್‌ಗೆ ಆ ಕಾರ್ಪೊರೇಟರ್‌ಗಳ ಅವಧಿ ಮುಗಿದು, ವರ್ಷಗಟ್ಟಲೆ ವಾರ್ಡಿನ ಕಸಕ್ಕೆ, ಚರಂಡಿಗೆ ಕೇಳಲು ನಮ್ಮವರು ಅಂತ ಯಾರೂ ಇಲ್ಲದೆ ಕಳೆದೆವು. 2025ರ ಸೆಪ್ಟೆಂಬರ್‌ನಲ್ಲಿ ಊರು ಐದು ಪಾಲಿಕೆಯಾಯಿತು. ಅಷ್ಟು ಕಾದವರು ಮತಗಟ್ಟೆಗೆ ಹೋದಾಗ ಅಡಿಗೋಲು ಅವರ ಚೌಕದ ಮೇಲೆ ನಿಲ್ಲಬಾರದು.

ಬೆಂಗಳೂರಿನ ಜನರಿಗೂ ಒಂದು ಮಾತು. ಬಿಎಲ್‌ಓ ಬಂದಾಗ ಬಾಗಿಲು ತೆಗೆಯಿರಿ. ಒಂದು ಲೋಟ ನೀರು ಕೊಡಿ. ಮನೆ ಬದಲಿಸಿದರೆ ನಮೂನೆ 8 ತುಂಬಿ. ನಾನು ಕೋರ್ಟಿನಲ್ಲಿ ಸಾವಿರಾರು ಜನರ ಕಾಗದ ನೋಡಿದವನು, ನಮ್ಮ ಮನೆಯದನ್ನೇ ನೋಡಲಿಲ್ಲ. ಆ ಹತ್ತು ತಿಂಗಳಲ್ಲಿ ಒಂದು ಸಲ ಪಟ್ಟಿ ತೆಗೆದು ನೋಡಿದ್ದರೆ ಅಮ್ಮ ಆ ಕಟ್ಟೆಯ ಮೇಲೆ ಕೂರಬೇಕಾಗಿರಲಿಲ್ಲ. ಆ ಭಾರ ನನ್ನದೇ.

ಚುನಾವಣೆ ಮುಗಿದ ಮೇಲೆ ನಮೂನೆ 6 ತುಂಬಿ ಅಮ್ಮನನ್ನು ಮತ್ತೆ ಸೇರಿಸಿದೆ. 2024ರ ಏಪ್ರಿಲ್ 26ರಂದು ಅದೇ ಶಾಲೆಯಲ್ಲಿ ವೋಟು ಹಾಕಿದಳು. ಮಸಿ ಹಾಕುವಾಗ "ಇನ್ನೊಂಚೂರು ಹಾಕಮ್ಮ" ಎಂದಳು.

ಹೊಸ ಮನೆಯ ಬಾಗಿಲಿಗೆ ಹಸಿರು ಬಣ್ಣ ಹೊಡೆಸಿದ್ದೇವೆ, ಪಕ್ಕದಲ್ಲಿ ತುಳಸಿ ಕಟ್ಟೆ ಇದೆ. ಪರಿಶೀಲನೆಗೆ ಬಂದವರು ದಯವಿಟ್ಟು ಹೆಸರು ಹಿಡಿದೇ ಕೂಗಿ. ಅಮ್ಮನಿಗೆ ಈಗ ಕಿವಿ ಸ್ವಲ್ಪ ಮಂದ. ಮೂರನೇ ಸಲಕ್ಕೆ ಓಗೊಡುತ್ತಾಳೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿರಸ್ತೇದಾರ
ಶ್ರೀರಾಂಪುರ, ಬೆಂಗಳೂರು